ಯಾವ ಜಗಳಕ್ಕೆ ಯಾವ ಕಲೆ? ಕಾಸರಗೋಡಿನ ಹುಡುಗರ ನಡುವೆ ಕೆಲಸ ಮಾಡುವವರಿಗೊಂದು ಹೋಲಿಕೆ

ಕಾಸರಗೋಡಿನ ಕಡೆ ಹುಡುಗರ ನಡುವೆ ಹೊಡೆದಾಟವಾದ ಮೇಲೆ ಯಾರಾದರೊಬ್ಬರು ಎದ್ದು ನಿಂತು ‘ಸೌಹಾರ್ದ ಸಂಗಮ’ ಮಾಡೋಣ ಎನ್ನುತ್ತಾರೆ. ಬ್ಯಾನರ್ ಏರುತ್ತದೆ. ಮಲಬಾರಿನ ಮುಸ್ಲಿಮರ ಒಂದು ಒಪ್ಪನ ನೃತ್ಯ, ಕೇರಳದ ಹೆಂಗಸರ ಒಂದು ತಿರುವಾದಿರ ನೃತ್ಯ, ಯಕ್ಷಗಾನದ ಅರ್ಧ ಗಂಟೆಯ ತುಣುಕು ಒಂದರ ಹಿಂದೊಂದು ಮುಗಿಯುತ್ತವೆ. ಗಣ್ಯರಿಗೆ ಶಾಲು ಹೊದಿಸುತ್ತಾರೆ. ಯಾರಿಗಾಗಿ ಇಷ್ಟೆಲ್ಲ ನಡೆಯಿತೋ ಆ ಹುಡುಗರು ಮೈದಾನದ ಹಿಂಬದಿಯಲ್ಲಿ ಬೈಕಿಗೆ ಒರಗಿ ಮೊಬೈಲ್ ನೋಡುತ್ತಿರುತ್ತಾರೆ. ನೋಡುವುದರಿಂದ ಜಗಳ ಇಳಿಯುವುದಿಲ್ಲ. ಕಲೆ ಕೆಲಸಕ್ಕೆ ಬರುವುದು ಜಗಳವಾಡಿದವರೇ ಅದರೊಳಗೆ ಕೈ ಹಾಕಿದಾಗ. ಹಾಗೆ ಕೈ ಹಾಕಿಸಲು ಹೊರಟಿರುವ ಅಧ್ಯಾಪಕರು, ವಾಚನಾಲಯದವರು, ಕ್ಲಬ್ಬಿನವರು, ಬಾಲಸಭೆ ನಡೆಸುವವರು ಯಾವ ಕಲೆಯನ್ನು ಆರಿಸಿಕೊಳ್ಳಬೇಕು ಎಂಬುದು ಇಲ್ಲಿನ ವಿಚಾರ. ಶಾಲೆ ಬಿಟ್ಟವರು, ಬಿಡುವ ಹಂತದಲ್ಲಿರುವವರು, ಅಮಲಿನ ನಂಟು ಹತ್ತಿದವರು, ಒಮ್ಮೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು, ಹದಿಮೂರರಿಂದ ಇಪ್ಪತ್ತರೊಳಗಿನ ಇಂಥ ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಹುಡುಗಿಯರ ಜಗಳಗಳ ಸ್ವರೂಪ ಬೇರೆ, ಅದಕ್ಕೆ ಪ್ರತ್ಯೇಕ ಬರಹವೇ ಬೇಕು.

ಮೊದಲು ಕೇಳಬೇಕಾದದ್ದು

ಸಾಮಾನ್ಯವಾಗಿ ಸಂಘಟಕರು ತಮಗೆ ಬರುವ ಕಲೆಯನ್ನೇ ಆರಿಸುತ್ತಾರೆ. ಯಕ್ಷಗಾನ ಗೊತ್ತಿದ್ದವರು ಯಕ್ಷಗಾನ, ಚಿತ್ರ ಬಿಡಿಸುವವರು ಚಿತ್ರ. ಇದು ತಪ್ಪು ದಾರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಜಿಲ್ಲೆಯಲ್ಲಿ ಪ್ರತಿಯೊಂದು ಕಲೆಗೂ ಒಂದು ಅಂಗಳವಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಯಕ್ಷಗಾನ ಯಾರ ಮನೆಯ ಮಕ್ಕಳಿಗೆ ಸಹಜವಾಗಿ ಬರುತ್ತದೆ, ದಫ್ ಎಂಬ ಕೈತಮ್ಮಟೆ ಯಾರ ಕೈಗೆ ಹಗುರ, ಪೂರಕ್ಕಳಿ ಕುಣಿತದ ಹೆಜ್ಜೆ ನೀಲೇಶ್ವರ, ಚೆರುವತ್ತೂರು ಕಡೆಯ ಯಾರ ಕಾಲಿಗೆ ಗೊತ್ತು ಎಂಬುದು ಊರಿಗೆಲ್ಲ ತಿಳಿದದ್ದೇ. ಕನ್ನಡ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಮಾತನಾಡುವ ಊರನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯಲ್ಲಿ ಹೊಗಳುತ್ತೇವೆ. ಆದರೆ ಒಂದು ಗುಂಪಿನ ಕಲೆಯನ್ನು ಎರಡು ಗುಂಪುಗಳ ನಡುವೆ ತಂದಿಟ್ಟರೆ ಮೊದಲ ದಿನವೇ ಒಬ್ಬರು ಗುರುಗಳೂ ಇನ್ನೊಬ್ಬರು ಶಿಷ್ಯರೂ ಆಗಿಬಿಡುತ್ತಾರೆ. ಮೊದಲೇ ಅವಮಾನದಿಂದ ಕುದಿಯುತ್ತಿರುವ ಹುಡುಗನಿಗೆ ಇದಕ್ಕಿಂತ ಕೆಟ್ಟ ಆರಂಭ ಬೇರೆ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ಗುಂಪಿನವರನ್ನು ಒಂದೆಡೆ ಕೂರಿಸಿದ ಮಾತ್ರಕ್ಕೆ ದ್ವೇಷ ಕಡಿಮೆಯಾಗುವುದಿಲ್ಲ. ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಒಂದೇ ಗುರಿ ಇರಬೇಕು, ಅದನ್ನು ಮುಟ್ಟಲು ಒಬ್ಬರಿಗೊಬ್ಬರ ಸಹಾಯ ಬೇಕಾಗಬೇಕು, ಊರಿನ ಹಿರಿಯರ ಅಥವಾ ಸಂಸ್ಥೆಯ ಒಪ್ಪಿಗೆ ಬೆನ್ನಿಗಿರಬೇಕು. ಈ ನಾಲ್ಕರಲ್ಲಿ ಸಮಾನ ಸ್ಥಾನ ಎಂಬುದನ್ನೇ ನಾವು ಹೆಚ್ಚಾಗಿ ಮರೆಯುವುದು. ಹಾಗಾಗಿ ನನ್ನ ಅಳತೆಗೋಲು ಇಷ್ಟೇ: ಇಬ್ಬರಿಗೂ ಸಮಾನವಾಗಿ ಬಾರದ ಕಲೆ, ಇಲ್ಲವೇ ಇಬ್ಬರಿಗೂ ಸಮಾನವಾಗಿ ಬರುವ ಕಲೆ. ಮುಂದಿನ ಆಯ್ಕೆಗಳನ್ನೆಲ್ಲ ಈ ಕೋಲಿನಿಂದಲೇ ಅಳೆಯುತ್ತೇನೆ.

ತಡೆದು ಆಡುವ ನಾಟಕ

ಬಸ್ಸಿನ ಸೀಟು, ಆಟದ ಮೈದಾನ, ಭಾಷೆ ಹಿಡಿದು ಆಡಿಕೊಳ್ಳುವುದು, ಹಿರಿಯ ವಿದ್ಯಾರ್ಥಿಗಳ ದರ್ಪ, ಇಂಥ ದಿನನಿತ್ಯದ ಕಿರಿಕಿರಿಗಳಿಗೆ ಫೋರಂ ಥಿಯೇಟರ್ ಅನ್ನು ಮೀರಿಸುವ ಆಯ್ಕೆ ನನಗೆ ಕಂಡಿಲ್ಲ. ಬ್ರೆಜಿಲಿನ ಅಗಸ್ಟೊ ಬೋಲ್ 1970ರ ದಶಕದಲ್ಲಿ ಲ್ಯಾಟಿನ್ ಅಮೆರಿಕದಲ್ಲಿ ರೂಪಿಸಿದ ವಿಧಾನ ಇದು. ಬಂಗಾಳದಲ್ಲಿ 1985ರಲ್ಲಿ ಹುಟ್ಟಿದ ಜನ ಸಂಸ್ಕೃತಿ ಎಂಬ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ಇದನ್ನು ಆಡಿಸುತ್ತ ಬಂದಿದೆ. ನಮ್ಮವರಿಗೆ ಬೀದಿನಾಟಕ ಹೊಸದಲ್ಲ. ಕರ್ನಾಟಕದಲ್ಲಿ ಸಮುದಾಯ, ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಲಾಜಾಥಾ ಎರಡನ್ನೂ ನೋಡಿದ ಹಿರಿಯರು ಈ ಗಡಿಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬೀದಿನಾಟಕ ಕೊನೆಗೆ ಉತ್ತರ ಹೇಳಿ ಹೋಗುತ್ತದೆ. ಇದು ಉತ್ತರ ಹೇಳದೆ ನಿಲ್ಲಿಸುತ್ತದೆ.

ನಡೆಯುವುದು ಹೀಗೆ. ಏಳೆಂಟು ನಿಮಿಷದ ದೃಶ್ಯವೊಂದನ್ನು ಹುಡುಗರೇ ಕಟ್ಟುತ್ತಾರೆ, ಅದು ಕೆಟ್ಟದಾಗಿಯೇ ಮುಗಿಯಬೇಕು. ಕಾಸರಗೋಡಿನಿಂದ ಬದಿಯಡ್ಕದ ಕಡೆಗೆ ಹೊರಡುವ ಸಂಜೆಯ ಬಸ್ ಎಂದಿಟ್ಟುಕೊಳ್ಳಿ. ನಾಲ್ಕು ಬೆಂಚು ಜೋಡಿಸಿದರೆ ಬಸ್ ಆಯಿತು. ಹಿಂದಿನ ಉದ್ದ ಸೀಟು ಪ್ಲಸ್ ಟು ಹುಡುಗರದ್ದು ಎಂಬುದು ಅಲಿಖಿತ ನಿಯಮ. ಒಂಬತ್ತನೆಯ ತರಗತಿಯವನೊಬ್ಬ ಬ್ಯಾಗ್ ಮಡಿಲಲ್ಲಿಟ್ಟುಕೊಂಡು ಅಲ್ಲಿ ಕೂರುತ್ತಾನೆ. ಒಬ್ಬ ಬ್ಯಾಗನ್ನು ಕಿತ್ತು ಮುಂದಕ್ಕೆ ಎಸೆಯುತ್ತಾನೆ, ಅವನ ಮನೆಮಾತನ್ನು ಹಿಡಿದು ಏನೋ ಅನ್ನುತ್ತಾನೆ, ನಗು ಏಳುತ್ತದೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಕಿಟಕಿಯಾಚೆ ನೋಡುತ್ತಾನೆ. ಇನ್ನೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸುತ್ತಾನೆ. ಮರುದಿನ ಬಸ್ ನಿಲ್ದಾಣದಲ್ಲಿ ಹೊಡೆದಾಟ. ಇಷ್ಟನ್ನು ಒಮ್ಮೆ ಪೂರ್ತಿ ಆಡಿದ ಮೇಲೆ ಎರಡನೆಯ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಿ ಪಾತ್ರಧಾರಿಯ ಜಾಗದಲ್ಲಿ ನಿಂತು ಬೇರೆ ದಾರಿ ಪ್ರಯತ್ನಿಸಬಹುದು.

ಮೊದಲು ಬರುವವನು ಸಾಮಾನ್ಯವಾಗಿ ತಿರುಗಿ ಹೊಡೆಯುತ್ತಾನೆ. ದೃಶ್ಯ ಬೇಗ ಹೊತ್ತಿಕೊಳ್ಳುತ್ತದೆ, ಎಲ್ಲರಿಗೂ ಖುಷಿ. ಎರಡನೆಯವನು ಉಪದೇಶ ಮಾಡುತ್ತಾನೆ. ಹಿಂದಿನ ಸೀಟಿನವರು ಅವನನ್ನು ಇನ್ನಷ್ಟು ಗೇಲಿ ಮಾಡುತ್ತಾರೆ. ಕಂಡಕ್ಟರನನ್ನು ಕರೆಯುವವನು ಬರುತ್ತಾನೆ, ಮುಂದಿನ ನಿಲ್ದಾಣದಲ್ಲಿ ಇಳಿದು ಹೋಗುವವನು ಬರುತ್ತಾನೆ. ಹೀಗೆ ಮೂರು ನಾಲ್ಕು ದಾರಿ ಸೋತ ಮೇಲೆ ಯಾರಿಗೋ ಹೊಳೆಯುವುದು, ಬ್ಯಾಗ್ ಕಳೆದುಕೊಂಡವನಿಗಿಂತ ಮೊಬೈಲ್ ಹಿಡಿದವನಿಗೆ ಇಲ್ಲಿ ಹೆಚ್ಚು ಅವಕಾಶವಿದೆ ಎಂಬುದು. ಅವನು ಮೊಬೈಲ್ ಕೆಳಗಿಳಿಸಿ ಬ್ಯಾಗ್ ಎತ್ತಿಕೊಟ್ಟರೆ ನಗು ಅಲ್ಲಿಗೇ ತಣ್ಣಗಾಗುತ್ತದೆ. ಇದನ್ನು ನೀವು ಭಾಷಣದಲ್ಲಿ ಹೇಳಿದರೆ ಒಂದು ಕಿವಿಗೂ ಬೀಳುವುದಿಲ್ಲ.

ಒಂದು ಎಚ್ಚರಿಕೆ. ಬೋಲ್ ಈ ವಿಧಾನವನ್ನು ಕಟ್ಟಿದ್ದು ದಮನ ಮಾಡುವವನು ಯಾರು, ದಮನಕ್ಕೊಳಗಾದವನು ಯಾರು ಎಂಬುದು ಸ್ಪಷ್ಟವಿರುವ ಸಂದರ್ಭಗಳಿಗೆ. ಹಾಗಾಗಿ ದಬ್ಬಾಳಿಕೆ ನಡೆಸುವ ಪಾತ್ರವನ್ನು ಯಾರೂ ಬದಲಿಸುವಂತಿಲ್ಲ ಎಂಬ ನಿಯಮವಿದೆ. ಎರಡು ಕ್ಲಬ್ಬುಗಳ, ಎರಡು ಮೊಹಲ್ಲಾಗಳ ಜಗಳದಲ್ಲಿ ಇಬ್ಬರೂ ತಾವೇ ಅನ್ಯಾಯಕ್ಕೊಳಗಾದವರು ಎಂದುಕೊಂಡಿರುತ್ತಾರೆ. ಅಂಥಲ್ಲಿ ಒಂದೇ ಘಟನೆಯನ್ನು ಎರಡು ದೃಶ್ಯವಾಗಿ ಕಟ್ಟಿಸಿ, ಒಂದರಲ್ಲಿ ಇವರು ನೊಂದವರು, ಇನ್ನೊಂದರಲ್ಲಿ ಅವರು. ಒಂದೇ ದೃಶ್ಯ ಆಡಿಸಿದರೆ ನೀವು ತೀರ್ಪು ಕೊಟ್ಟಂತೆ. ನಡೆಸಿಕೊಡುವವನಿಗೆ ಬೋಲ್ ಇಟ್ಟ ಹೆಸರು ಜೋಕರ್, ಇಸ್ಪೀಟಿನ ಎಲೆಯ ಹಾಗೆ ಯಾವ ಕಡೆಗೂ ಸೇರದವನು. ಈ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಅದು ಸುಲಭವಲ್ಲ, ಹೆಸರು ಹೇಳಿದ ಕೂಡಲೇ ಅವನು ಯಾವ ಎಲೆ ಎಂದು ಗೊತ್ತಾಗಿಬಿಡುತ್ತದೆ. ಎರಡೂ ಕಡೆಯಿಂದ ಒಬ್ಬೊಬ್ಬರಂತೆ ಇಬ್ಬರು ಜೋಕರರು ಇರಲಿ. ಇದನ್ನು ಕಲಿಸಲು ನಾಟಕದ ಪದವೀಧರರೇ ಬೇಕೆಂದಿಲ್ಲ, ಆದರೆ ಕನಿಷ್ಠ ಒಂದು ಶಿಬಿರದಲ್ಲಿ ತಾವೇ ಆಡಿ ಬಂದವರಿರಬೇಕು.

ಅಳತೆಗೋಲಿಗೆ ಹಿಡಿದರೆ, ಎರಡೂ ಕಡೆಯ ಹುಡುಗರಿಗೆ ಇದು ಸಮಾನವಾಗಿ ಹೊಸದು. ಖರ್ಚು ಬೆಂಚಿನದ್ದಷ್ಟೇ.

ತಾಳಮದ್ದಳೆ: ರೂಪ ಸಾಕು, ಪ್ರಸಂಗ ಬೇಡ

ಯಕ್ಷಗಾನ ಒಂದು ಅಂಗಳದ ಕಲೆ ಎಂದೆ. ಆದರೂ ಅದರ ಒಂದು ತುಂಡನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ ಮಾತು ಹೊಸೆಯುತ್ತಾರೆ. ಇಂದಿನ ಕೂಟದಲ್ಲಿ ಕರ್ಣನ ಪರ ವಾದಿಸಿದವರು ನಾಳೆಯ ಕೂಟದಲ್ಲಿ ಕೃಷ್ಣನಾಗಿ ಅದೇ ಕರ್ಣನನ್ನು ಕಟ್ಟಿಹಾಕುತ್ತಾರೆ. ಎರಡೂ ಪಾತ್ರಗಳಿಗೆ ನ್ಯಾಯ ಸಲ್ಲಿಸುವವನೇ ದೊಡ್ಡ ಅರ್ಥಧಾರಿ. ಶೇಣಿ ಗೋಪಾಲಕೃಷ್ಣ ಭಟ್ಟರು ನಮ್ಮ ಜಿಲ್ಲೆಯವರೇ. ಪುರಾಣದ ಪ್ರತಿನಾಯಕರ ಜೊತೆಗೆ ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿಯ ಪಾತ್ರಕ್ಕೂ ಅವರಿಗೆ ಅಷ್ಟೇ ಹೆಸರು. ದುರ್ಗೆಗೆ ಗುಡಿ ಕಟ್ಟಿಸಿದ ಮುಸ್ಲಿಂ ವರ್ತಕನ ಒಳಗನ್ನು ಬ್ರಾಹ್ಮಣ ಕಲಾವಿದನೊಬ್ಬ ಮಾತಿನಲ್ಲಿ ಕಟ್ಟಿದ್ದನ್ನು ಕೇಳಲು ಎಲ್ಲ ಮತದವರೂ ಕೂರುತ್ತಿದ್ದರು.

ಜಗಳದ ಕೆಲಸಕ್ಕೆ ಬೇಕಾದದ್ದು ಇದೇ ಕಸುಬು. ಹುಡುಗರನ್ನು ಎದುರುಬದುರು ಕೂರಿಸಿ. ಪ್ರಸಂಗ ರಾಮಾಯಣವೂ ಅಲ್ಲ, ಭಾರತವೂ ಅಲ್ಲ, ‘ಮೈದಾನ’ ಎಂದಿಟ್ಟುಕೊಳ್ಳಿ. ಫುಟ್ಬಾಲ್ ಆಡುವವರಿಗೂ ವಾರ್ಷಿಕೋತ್ಸವದ ಚಪ್ಪರ ಹಾಕುವವರಿಗೂ ನಡುವಿನ ತಕರಾರು. ಐದು ನಿಮಿಷ ಪ್ರತಿಯೊಬ್ಬನೂ ತನ್ನ ಪಕ್ಷ ಹೇಳಲಿ. ಆಮೇಲೆ ಜಾಗ ಬದಲಿಸಿ, ಎದುರಾಳಿಯ ಪಕ್ಷವನ್ನು ತನ್ನದೆಂಬಂತೆ ವಾದಿಸಲಿ. ನಿಯಮ ಒಂದೇ: ಎದುರಾಳಿ ತಲೆಯಾಡಿಸಿ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವವರೆಗೆ ಸುತ್ತು ಮುಗಿಯುವುದಿಲ್ಲ. ಅಣಕ ಮಾಡಿದರೆ ಮತ್ತೆ ಮೊದಲಿನಿಂದ.

ತೊಡಕು ಭಾಷೆಯದ್ದು. ಮಾತಿನ ಕಲೆಯಲ್ಲಿ ಮಾತು ಬಲ್ಲವನು ಗೆಲ್ಲುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ, ಮನೆಯಲ್ಲಿ ಅರ್ಥಗಾರಿಕೆ ಕೇಳಿ ಬೆಳೆದ ಹುಡುಗನ ಮುಂದೆ ಮಲಯಾಳಂ ಮಾಧ್ಯಮದವನು ತೊದಲುತ್ತಾನೆ. ಮಲಯಾಳಂನಲ್ಲಿ ನಡೆಸಿದರೆ ತಿರುಗುಮುರುಗು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ನೆಲದಲ್ಲಿ ಭಾಷೆ ಬರಿಯ ಭಾಷೆಯಾಗಿ ಉಳಿದಿಲ್ಲ; ಶಾಲೆಗಳಲ್ಲಿ ಮಲಯಾಳಂ ಕಡ್ಡಾಯದ ಮಾತು 2017ರಲ್ಲಿ ಎದ್ದಾಗ ಇಲ್ಲಿ ನಡೆದ ಪ್ರತಿಭಟನೆಗಳನ್ನು ಈಗಿನ ಹುಡುಗರೂ ಕಂಡಿದ್ದಾರೆ. ಆದ್ದರಿಂದ ಪ್ರತಿಯೊಬ್ಬನೂ ತನ್ನ ಮನೆಮಾತಿನಲ್ಲಿಯೇ ಅರ್ಥ ಹೇಳಲಿ, ನಡುವೆ ಎರಡೂ ಬಲ್ಲವನೊಬ್ಬ ಕುಳಿತು ತಿಳಿಸಲಿ. ಇಂಥ ಎರಡು ನಾಲಗೆಯ ಹುಡುಗ ಪ್ರತಿ ಗುಂಪಿನಲ್ಲೂ ಇರುತ್ತಾನೆ, ಸಾಮಾನ್ಯವಾಗಿ ಯಾರ ಲೆಕ್ಕಕ್ಕೂ ಸಿಗದವನು. ಈ ಕೆಲಸದಲ್ಲಿ ಅವನೇ ಭಾಗವತ.

ಇದನ್ನು ಆರಂಭದಲ್ಲಿ ಇಟ್ಟುಕೊಳ್ಳಬೇಡಿ. ಹುಡುಗರು ಪರಸ್ಪರ ಮುಖ ನೋಡಿ ಮಾತನಾಡುವ ಮಟ್ಟಕ್ಕೆ ಬಂದ ಮೇಲೆ ಸಾಕು. ಪೂರ್ಣ ಯಕ್ಷಗಾನ ಕಲಿಸುವ ಆಸೆಯಿದ್ದರೆ ಅದು ಬೇರೆ ಯೋಜನೆ, ಒಳ್ಳೆಯದೇ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಸ್ಪರ್ಧೆಯಾಗಿರುವುದರಿಂದ ಕನ್ನಡ ತಾಯ್ನುಡಿಯಲ್ಲದ ಮಕ್ಕಳೂ ಗೆಜ್ಜೆ ಕಟ್ಟುತ್ತಿದ್ದಾರೆ. ಆದರೆ ಕಲೋತ್ಸವದ ಎ ಗ್ರೇಡಿನ ಜ್ವರ ಹತ್ತಿದಲ್ಲಿ ಜಗಳ ತೀರಿಸುವ ಕೆಲಸ ನಡೆಯುವುದಿಲ್ಲ, ಅಪೀಲು ಹಾಕುವ ಕೆಲಸ ನಡೆಯುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕುಂಬಳೆ ಬಳಿಯ ಆರಿಕ್ಕಾಡಿಯಲ್ಲಿ ಮುಸ್ಲಿಂ ವ್ಯಕ್ತಿಯನ್ನು ದೈವವಾಗಿ ಕಟ್ಟುವ ಆಲಿ ತೆಯ್ಯವನ್ನು ತೋರಿಸಿ, ಇದನ್ನೇ ಶಿಬಿರದಲ್ಲಿ ಆಡಿಸಿದರೆ ಹೇಗೆ ಎನ್ನುವವರಿದ್ದಾರೆ. ಬೇಡ. ತೆಯ್ಯ, ಭೂತಕೋಲ ಆರಾಧನೆ. ಕಟ್ಟುವ ಹಕ್ಕು, ವ್ರತ, ಕಟ್ಟುಪಾಡು ಎಲ್ಲ ಇರುವಂಥದ್ದು. ಅದರ ಕಥೆ ಹೇಳಿ, ಚರ್ಚೆ ಮಾಡಿ. ಅಭ್ಯಾಸಕ್ಕೆಂದು ಬಣ್ಣ ಬಳಿದರೆ ಇಲ್ಲದ ಜಗಳ ಹುಟ್ಟುತ್ತದೆ.

ಕೋಲು ಮತ್ತು ತಾಳ

ಪರಸ್ಪರ ಮಾತೇ ಇಲ್ಲದ ಗುಂಪುಗಳಿದ್ದರೆ ಮಾತಿನ ಕಲೆಯಿಂದ ಶುರು ಮಾಡುವುದು ವ್ಯರ್ಥ. ಒಂದೇ ಶಾಲೆಯ ಕನ್ನಡ ವಿಭಾಗದವರೂ ಮಲಯಾಳಂ ವಿಭಾಗದವರೂ ಒಂದೇ ಗೇಟಿನಿಂದ ಬಂದು ಬೇರೆ ಬೇರೆ ಮರದ ಕೆಳಗೆ ಬುತ್ತಿ ಬಿಚ್ಚುವಲ್ಲಿ ಕೈಗೆ ಏನಾದರೂ ಕೊಡಬೇಕು. ಚೆಂಡೆ, ದಫ್ ಎರಡನ್ನೂ ಒಟ್ಟಿಗೆ ಬಾರಿಸುವ ಜುಗಲಬಂದಿ ವೇದಿಕೆಗೆ ಚೆನ್ನ, ಕಲಿಕೆಗೆ ಅಲ್ಲ. ಅವರವರ ವಾದ್ಯ ಅವರವರ ಕೈಯಲ್ಲೇ ಉಳಿಯುತ್ತದೆ. ವಿನಿಮಯ ಮಾಡಿಸಿದರೂ ಚೆಂಡೆಯ ತೂಕಕ್ಕೆ ಹೆಗಲು ಪಳಗಲು ತಿಂಗಳುಗಳು ಬೇಕು.

ಕೋಲಿನ ಆಟದ ಮಾತೇ ಬೇರೆ. ಕನ್ನಡದ ಕೋಲಾಟವೂ ಮಾಪಿಳ್ಳೆ ಮುಸ್ಲಿಮರ ಕೋಲ್ಕಳಿಯೂ ವೃತ್ತದಲ್ಲಿ ಆಡುವಂಥವು, ಎರಡರಲ್ಲೂ ಜೋಡಿ ಕೋಲು, ಎರಡರಲ್ಲೂ ಜೊತೆಗಾರನ ಕೋಲಿಗೆ ಹೊಡೆದು ಮುಂದಿನವನತ್ತ ಸಾಗಬೇಕು. ಯಾರದೂ ಪೂರ್ತಿ ಸ್ವಂತದ್ದಲ್ಲ, ಯಾರಿಗೂ ಪೂರ್ತಿ ಪರಕೀಯವಲ್ಲ. ಹೊಡೆಯಬೇಕಾದದ್ದು ಕೋಲಿಗೆ, ಅರ್ಧ ಅಂಗುಲ ತಪ್ಪಿದರೆ ಬೆರಳಿಗೆ. ಸಿಟ್ಟಿನಲ್ಲಿ ಜೋರಾಗಿ ಬೀಸಿದವನಿಗೆ ಎದುರಿನಿಂದ ಅಷ್ಟೇ ಜೋರಿನ ಏಟು ಕೋಲಿನ ಮೂಲಕ ಅಂಗೈಗೆ ಬಂದು ತಾಗುತ್ತದೆ. ಎರಡು ಸುತ್ತು ಕಳೆಯುವಷ್ಟರಲ್ಲಿ ಎಲ್ಲರ ಕಣ್ಣೂ ಮುಂದಿನವನ ಮಣಿಕಟ್ಟಿನ ಮೇಲಿರುತ್ತದೆ. ವೃತ್ತ ತಿರುಗುವುದರಿಂದ ಪ್ರತಿಯೊಬ್ಬನೂ ಪ್ರತಿಯೊಬ್ಬನ ಎದುರಿಗೆ ಬರಲೇಬೇಕು, ನನಗೆ ಇವನು ಬೇಡ ಎನ್ನಲು ಎಡೆಯೇ ಇಲ್ಲ. ಹಾಡು ಯಾರದ್ದು ಎಂಬ ಪ್ರಶ್ನೆ ಬಂದರೆ ಮೊದಲ ವಾರಗಳಲ್ಲಿ ಹಾಡೇ ಬೇಡ, ಬಾಯಿತಾಳ ಸಾಕು.

ಇದರಿಂದ ಎಷ್ಟು ನಿರೀಕ್ಷಿಸಬಹುದು? ಕಲೆಯದ್ದಲ್ಲ, ಆಟದ ಒಂದು ಅಧ್ಯಯನ ನೆನಪಾಗುತ್ತದೆ. ಐಸಿಸ್ ದಾಳಿಯ ಬಳಿಕ ಇರಾಕಿನಲ್ಲಿ ಕ್ರೈಸ್ತ ಯುವಕರ ಫುಟ್ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿ, ಉಳಿದವನ್ನು ಹಾಗೆಯೇ ಬಿಟ್ಟು, ಸಲ್ಮಾ ಮೂಸಾ ಎಂಬ ಸಂಶೋಧಕಿ ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಸಿಹಿಯೂ ಹೌದು, ಕಹಿಯೂ ಹೌದು. ಮಿಶ್ರ ತಂಡದಲ್ಲಿ ಆಡಿದವರು ತಿಂಗಳುಗಳ ನಂತರವೂ ಮುಸ್ಲಿಂ ಆಟಗಾರರೊಂದಿಗೆ ಅಭ್ಯಾಸಕ್ಕೆ ಹೋಗುತ್ತಿದ್ದರು, ಮುಂದಿನ ಸಲವೂ ಮಿಶ್ರ ತಂಡಕ್ಕೇ ಹೆಸರು ಕೊಡಲು ಸಿದ್ಧರಿದ್ದರು. ಆದರೆ ಮುಸ್ಲಿಮರು ಹೆಚ್ಚಾಗಿರುವ ಮೊಸೂಲ್ ನಗರದ ಹೋಟೆಲಿಗೆ ಹೋಗುವ ವಿಷಯದಲ್ಲಿ ಅವರಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ತಂಡದೊಳಗಿನ ಗೆಳೆತನ ಪೇಟೆಗೆ ಇಳಿಯಲಿಲ್ಲ. ಕೋಲಿನ ವೃತ್ತದಲ್ಲೂ ಇಷ್ಟೇ ನಿರೀಕ್ಷಿಸಿ. ಅಪರಿಚಿತನ ಬಗ್ಗೆ ಮನಸ್ಸು ಬದಲಾಗುವುದು ಮುಂದಿನ ಮಾತು, ಪರಿಚಿತನ ಮೇಲೆ ಕೈ ಎತ್ತದಿದ್ದರೆ ಸದ್ಯಕ್ಕೆ ಲಾಭವೇ.

ಗೋಡೆ

ಗೋಡೆಚಿತ್ರ ಎಲ್ಲರಿಗೂ ಇಷ್ಟ, ಮುಗಿದ ಮೇಲೆ ಕಣ್ಣಿಗೆ ಕಾಣುತ್ತದೆ, ಪಂಚಾಯತ್ ಅಧ್ಯಕ್ಷರು ಫೋಟೊ ತೆಗೆಸಿಕೊಳ್ಳಬಹುದು. ಇದರಲ್ಲಿ ಅಡಗಿರುವ ಕೆಲಸ ಬಣ್ಣ ಬಳಿಯುವುದರಲ್ಲಿಲ್ಲ, ಅದಕ್ಕೆ ಮುಂಚಿನ ತಕರಾರಿನಲ್ಲಿದೆ. ನಮ್ಮಲ್ಲಿ ಗೋಡೆಗಳು ಸುಮ್ಮನೆ ಖಾಲಿ ಇರುವುದಿಲ್ಲ. ಇಂಥ ಪಕ್ಷಕ್ಕೆ ಎಂದು ಚುನಾವಣೆಗೆ ಮುಂಚಿತವಾಗಿ ಕಾದಿರಿಸಿ ಬರೆದಿಟ್ಟಿರುತ್ತಾರೆ. ಹಸಿರು, ಕೇಸರಿ, ಕೆಂಪು, ಯಾವ ಬಣ್ಣವೂ ಬರಿಯ ಬಣ್ಣವಲ್ಲ. ಆಕಾಶಕ್ಕೆ ನೀಲಿ ಎಂದು ಒಪ್ಪಲು ಕಷ್ಟವಿಲ್ಲ, ಗದ್ದೆಗೆ ಎಷ್ಟು ಹಸಿರು, ಸಂಜೆಗೆ ಎಷ್ಟು ಕೇಸರಿ ಎಂದು ಕೂತು ತೀರ್ಮಾನಿಸುವುದಕ್ಕೇ ಎರಡು ಸಂಜೆ ಹೋಗುತ್ತದೆ. ಹೋಗಲಿ. ಆ ಎರಡು ಸಂಜೆಗಾಗಿಯೇ ನೀವು ಬಣ್ಣ ಕೊಂಡದ್ದು.

ಹಾಗಾಗಿ ಚಿತ್ರಕಲಾ ಅಧ್ಯಾಪಕರು ಮೊದಲೇ ವಿನ್ಯಾಸ ತಂದು ಹುಡುಗರಿಗೆ ಬರಿಯ ಬ್ರಷ್ ಕೊಡುವುದಾದರೆ ಇದನ್ನು ಕೈಬಿಡಿ. ಪಾರಿವಾಳ, ಕೈಕುಲುಕುವ ಎರಡು ಕೈ, ಸಾಲಾಗಿ ನಿಂತ ಗುಡಿ, ಮಸೀದಿ, ಇಗರ್ಜಿ ಈ ಮೂರನ್ನೂ ನಾನು ನಿಷೇಧಿಸುತ್ತೇನೆ. ಅವು ಬಂದಲ್ಲಿ ಯಾರೂ ಏನನ್ನೂ ಯೋಚಿಸಿಲ್ಲ ಎಂದೇ ಅರ್ಥ. ಹುಡುಗರು ನಿತ್ಯ ನೋಡುವ ಬಂದರು, ಅಡಿಕೆ ಒಣಗಿಸುವ ಅಂಗಳ, ತಲಪಾಡಿಯ ಚೆಕ್‌ಪೋಸ್ಟ್, ಗಲ್ಫಿನಿಂದ ಬರುವ ಪೆಟ್ಟಿಗೆ ಇವೆಲ್ಲ ಚಿತ್ರಕ್ಕೆ ಬರಲಿ.

ಗೋಡೆ ಗಡಿಗುರುತಾಗುವ ಅಪಾಯವನ್ನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ತೋರಿಸಿಕೊಟ್ಟಿದೆ. ಅಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಬೀದಿಗಳ ಗೋಡೆಗಳ ಮೇಲೆ ಬಂದೂಕು ಹಿಡಿದ ಮುಸುಕುಧಾರಿಗಳ ಚಿತ್ರಗಳು ಇದು ನಮ್ಮ ಪ್ರದೇಶ ಎಂದು ಸಾರುತ್ತಿದ್ದವು. ಅಂಥವನ್ನು ಸ್ಥಳೀಯರೊಂದಿಗೆ ಮಾತನಾಡಿ ಬದಲಿಸಲು ಅಲ್ಲಿನ ಕಲಾ ಮಂಡಳಿ 2006ರಲ್ಲಿ ಯೋಜನೆಯೊಂದನ್ನೇ ಆರಂಭಿಸಬೇಕಾಯಿತು. ನೀವು ಆರಿಸುವ ಗೋಡೆ ಎರಡು ಪ್ರದೇಶಗಳ ನಡುವಿನದ್ದಾಗಿರಲಿ. ಬಸ್ ತಂಗುದಾಣ, ಆರೋಗ್ಯ ಕೇಂದ್ರದ ಆವರಣ ಒಳ್ಳೆಯ ಆಯ್ಕೆ. ಗಾರೆ ಮಾಡದ ಕೆಂಪುಕಲ್ಲಿನ ಗೋಡೆ ಬಣ್ಣ ಹೀರುತ್ತದೆ, ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಆಲೋಚನೆಯೇ ಬೇಡ. ಪಾಚಿ ಹಿಡಿದ ಗೋಡೆ ಒಣಗಿ, ತೊಳೆದು, ಪ್ರೈಮರ್ ಹಚ್ಚುವಷ್ಟರಲ್ಲಿ ನವೆಂಬರ್ ಬರುತ್ತದೆ. ಹೇಳಿದ ಆಯ್ಕೆಗಳಲ್ಲಿ ಹೆಚ್ಚು ಹಣ ಬೇಡುವುದು ಇದೇ.

ಮೊಬೈಲ್

ಹುಡುಗರಿಗೆ ಕ್ಯಾಮೆರಾ ಕೊಟ್ಟು ನಿನ್ನ ಊರು ನಿನಗೆ ಹೇಗೆ ಕಾಣುತ್ತದೆ ತೋರಿಸು ಎನ್ನುವ ವಿಧಾನಕ್ಕೆ ಫೋಟೊವಾಯ್ಸ್ ಎಂಬ ಹೆಸರಿದೆ. 1990ರ ದಶಕದಲ್ಲಿ ಚೀನದ ಯುನ್ನಾನ್ ಪ್ರಾಂತದ ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಇದನ್ನು ರೂಪಿಸಿದರು. ಒಂದೇ ಗುಂಪಿನಲ್ಲಿ ಕೂರಲು ಒಪ್ಪದ, ಮಾತು ಹೊರಡದ ಹುಡುಗರಿಗೆ ಇದು ತಕ್ಕದ್ದು. ಒಬ್ಬೊಬ್ಬನೂ ಒಂಟಿಯಾಗಿ ಹೋಗಿ ತನಗೆ ಭಯವಾಗುವ ಒಂದು ಜಾಗ, ತನಗೆ ಸ್ವಂತವೆನಿಸುವ ಒಂದು ಜಾಗ ಸೆರೆಹಿಡಿದು ತರಲಿ. ಅಚ್ಚು ಹಾಕಿಸಿ ಮೇಜಿನ ಮೇಲೆ ಹರಡಿ. ಒಬ್ಬನ ಭಯದ ಜಾಗ ಇನ್ನೊಬ್ಬನ ಸ್ವಂತ ಜಾಗವಾಗಿರುವುದು ಅಲ್ಲಿ ಹೊರಬೀಳುತ್ತದೆ. ಒಂದು ಕ್ಲಬ್ಬಿನ ಮುಂದಿನ ಕಟ್ಟೆ, ಒಂದು ತಿರುವು, ಒಂದು ಅಂಗಡಿಯ ಜಗಲಿ. ಅದರ ಮೇಲೆ ನಡೆಯುವ ಮಾತುಕತೆಗೆ ಬೇರೆ ಪೀಠಿಕೆ ಬೇಕಿಲ್ಲ.

ಕಿರುಚಿತ್ರ ಮಾಡಿಸುವುದಾದರೆ ಕಾನೂನು ಗೊತ್ತಿರಲಿ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ ಪ್ರಕಾರ, ಕಾನೂನಿನೊಂದಿಗೆ ಸಂಘರ್ಷದಲ್ಲಿರುವ ಅಥವಾ ರಕ್ಷಣೆ ಬೇಕಾದ, ಹದಿನೆಂಟರೊಳಗಿನ ಮಗುವಿನ ಗುರುತನ್ನು ಯಾವ ಮಾಧ್ಯಮದಲ್ಲೂ ಬಯಲು ಮಾಡುವಂತಿಲ್ಲ. ಹೆಸರು, ಶಾಲೆ, ಮುಖ ಯಾವುದೂ. ‘ದಾರಿ ತಪ್ಪಿದ ಮಕ್ಕಳು ತಯಾರಿಸಿದ ಚಿತ್ರ’ ಎಂದು ಪತ್ರಿಕೆಗೆ ಫೋಟೊ ಸಹಿತ ಕಳಿಸುವ ಸಂಘಟಕರ ಉತ್ಸಾಹ ಅಪರಾಧವಾಗಬಹುದು. ಶಿಬಿರದ ದೃಶ್ಯವೊಂದು ತುಂಡಾಗಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾರಿದರೆ ಆಗುವ ಅನಾಹುತ ಇನ್ನೊಂದು. ಸ್ಥಿರಚಿತ್ರ, ಅದೂ ಮನುಷ್ಯರಿಲ್ಲದ ಜಾಗಗಳ ಚಿತ್ರ ಸಾಕು ಎನ್ನುವುದು ನನ್ನ ಸಲಹೆ.

ರ್‍ಯಾಪ್ ಬಗ್ಗೆ ಚಿಕ್ಕದಾಗಿ. ಹುಡುಗರಿಗೆ ಇದು ಈಗಾಗಲೇ ಗೊತ್ತು, ಯಾರೂ ಕಲಿಸಬೇಕಿಲ್ಲ. ಮಲಯಾಳಂ, ತುಳು, ಬ್ಯಾರಿ ಯಾವುದರಲ್ಲೂ ಪ್ರಾಸ ಕೂಡುತ್ತದೆ. ಒಬ್ಬಂಟಿ ಸಿಟ್ಟಿನವನಿಗೆ ಒಳ್ಳೆಯದು. ಗುಂಪಿನ ಜಗಳಕ್ಕೆ ಅಷ್ಟಕ್ಕಷ್ಟೇ, ಎದುರಾಳಿಯನ್ನು ಪ್ರಾಸಬದ್ಧವಾಗಿ ಬೈಯುವುದೇ ಅದರ ಒಂದು ಹೆಮ್ಮೆ. ಬಡಿದಾಟದ ಬದಲು ರ್‍ಯಾಪ್ ಬಂದು ನ್ಯೂಯಾರ್ಕಿನ ಬ್ರಾಂಕ್ಸ್ ಶಾಂತವಾಯಿತು ಎಂಬ ಕಥೆಯನ್ನು ಹೇಳುವವರು ಅನುಕ್ರಮವನ್ನು ಗಮನಿಸಬೇಕು. 1971ರ ಡಿಸೆಂಬರಿನಲ್ಲಿ, ಸಂಧಾನಕ್ಕೆ ಹೋದ ಯುವಕನೊಬ್ಬನ ಕೊಲೆಯ ಬಳಿಕ, ಅಲ್ಲಿನ ಗುಂಪುಗಳ ನಾಯಕರು ಹೋ ಅವೆನ್ಯೂವಿನಲ್ಲಿ ಸೇರಿ ಒಪ್ಪಂದಕ್ಕೆ ಬಂದರು. ಹಿಪ್ ಹಾಪ್ ಶುರುವಾಯಿತೆನ್ನುವ, ಡಿಜೆ ಕೂಲ್ ಹರ್ಕ್‌ನ ಹೆಸರಾಂತ ಸಂಗೀತಕೂಟ ನಡೆದದ್ದು 1973ರಲ್ಲಿ. ಮಾತುಕತೆ ಮೊದಲು, ಹಾಡು ಆಮೇಲೆ.

ಹತ್ತು ಹನ್ನೆರಡರ ಚಿಕ್ಕವರಿದ್ದರೆ ಬೊಂಬೆ. ತೆಂಕುತಿಟ್ಟಿನ ಸೂತ್ರದ ಬೊಂಬೆಯಾಟದ ತಂಡ ಕಾಸರಗೋಡಿನಲ್ಲೇ ಇದೆ. ಆದರೆ ಈ ಕೆಲಸಕ್ಕೆ ಕಾಲುಚೀಲದ ಬೊಂಬೆಯೂ ಸಾಕು. ತಾನು ಹೇಳಲಾರದ್ದನ್ನು ಮಗು ಬೊಂಬೆಯ ಬಾಯಲ್ಲಿ ಹೇಳುತ್ತದೆ. ಹದಿನಾಲ್ಕು ದಾಟಿದವನ ಕೈಗೆ ಅದನ್ನು ಕೊಡಬೇಡಿ, ಮಾರನೆಯ ದಿನ ಅವನು ಬರುವುದಿಲ್ಲ.

ಯಾವುದೂ ಬೇಡವಾಗುವ ಸಂದರ್ಭ

ಚೂರಿ ಹೊರಬಂದಿದ್ದರೆ, ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಪ್ರಕರಣ ದಾಖಲಾಗಿದ್ದರೆ ಇಬ್ಬರನ್ನೂ ಕರೆತಂದು ಕೋಲು ಕೊಡಲು ಹೋಗಬೇಡಿ. ಪೆಟ್ಟು ತಿಂದವನಿಗೆ ಅದು ರಾಜಿಯ ಒತ್ತಡ. ಬಾಲನ್ಯಾಯ ಮಂಡಳಿ, ಆಪ್ತಸಮಾಲೋಚಕರು, ಎರಡೂ ಮನೆಯ ಹಿರಿಯರು ಮೊದಲು ತಮ್ಮ ಕೆಲಸ ಮಾಡಲಿ. ಅಮಲಿನ ಚಟಕ್ಕೆ ಚಿಕಿತ್ಸೆ ಬೇಕು, ನಾಟಕವಲ್ಲ. ಕೇರಳದ ವಿಮುಕ್ತಿ ಯೋಜನೆಯ ಕೇಂದ್ರಗಳು ಇರುವುದು ಅದಕ್ಕೇ. ಮನೆಯಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಸುಳಿವು ಅಭ್ಯಾಸದ ನಡುವೆ ಸಿಕ್ಕಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ನಿಮ್ಮ ಹೊಣೆ. ಅದನ್ನು ದೃಶ್ಯವಾಗಿ ಕಟ್ಟಿಸುವುದು ಕ್ರೌರ್ಯ.

ಒಂದೇ ಆಯ್ಕೆ ಮಾಡಬೇಕೆಂದರೆ

ಕಾರಣ ಗೊತ್ತಿರುವ ಸಣ್ಣ ಜಗಳಗಳು ಪದೇ ಪದೇ ಆಗುತ್ತಿದ್ದರೆ ತಡೆದು ಆಡುವ ನಾಟಕ. ಕಾರಣವೇ ಇಲ್ಲದ, ಹಿರಿಯರಿಂದ ಬಂದ ಮುನಿಸಾದರೆ ಕೋಲು. ಒಂದು ವರ್ಷದ ಅವಕಾಶವಿದ್ದರೆ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಕೋಲಿನಿಂದ ಆರಂಭಿಸಿ; ಮಳೆಗಾಲದಲ್ಲಿ ಒಳಾಂಗಣ ಸಾಕು. ಓಣಂ ಕಳೆದ ಮೇಲೆ ನಾಟಕಕ್ಕೆ ಬನ್ನಿ, ಡಿಸೆಂಬರಿನ ಹೊತ್ತಿಗೆ ಅರ್ಥಗಾರಿಕೆ. ತೆಯ್ಯ, ಮೇಳದ ಆಟಗಳ ಋತು ಶುರುವಾದರೆ ರಾತ್ರಿ ನಿದ್ದೆಗೆಟ್ಟ ಹುಡುಗರು ಬೆಳಿಗ್ಗೆ ಬರುವುದಿಲ್ಲ, ರಮ್ಜಾನಿನಲ್ಲಿ ಸಂಜೆ ಇಡುವಂತಿಲ್ಲ, ಮಾರ್ಚ್ ಪರೀಕ್ಷೆಗೆ. ಪಂಚಾಂಗ, ಹಿಜರಿ ಎರಡೂ ನೋಡಿ ದಿನ ಗೊತ್ತು ಮಾಡಿ. ಜಾಗ ಯಾವುದಾದರೂ ಒಂದು ಕಡೆಯ ಕ್ಲಬ್ಬಿನ ಕೋಣೆಯಾಗಬಾರದು. ಸಂಜೆ ನಾಲ್ಕರ ನಂತರದ ಶಾಲೆ ಅಥವಾ ಪಂಚಾಯತ್ ಸಭಾಂಗಣ ಆದೀತು. ಗುಂಪು ಹದಿನಾರನ್ನು ಮೀರದಿರಲಿ, ಎರಡೂ ಕಡೆಯ ಸಂಖ್ಯೆ ಹೆಚ್ಚು ಕಡಿಮೆ ಸಮ ಇರಲಿ. ಚಹಾದ ಜೊತೆ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಇಟ್ಟರೆ ಯಾರ ಆಕ್ಷೇಪವೂ ಇರುವುದಿಲ್ಲ.

ಕೊನೆಗೆ ಪ್ರದರ್ಶನ ಬೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ರುವಾಂಡಾದಲ್ಲಿ ನರಮೇಧದ ಹತ್ತು ವರ್ಷಗಳ ನಂತರ ಶುರುವಾದ ರೇಡಿಯೊ ನಾಟಕವೊಂದರ ಪರಿಣಾಮವನ್ನು ಎಲಿಜಬೆತ್ ಪಲುಕ್ ಅಳೆದಿದ್ದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕೇಳುಗರ ಸ್ವಂತ ನಂಬಿಕೆಗಳು ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ತಮ್ಮ ಸುತ್ತಲಿನವರು ಯಾವುದನ್ನು ಒಪ್ಪುತ್ತಾರೆ ಎಂಬ ಅಂದಾಜು. ಊರ ಮುಂದೆ ಆಡಿ ತೋರಿಸುವುದರ ಪ್ರಯೋಜನವೂ ಅದೇ. ಆದ್ದರಿಂದ ಪ್ರೇಕ್ಷಕರನ್ನು ಆರಿಸಿ ಕರೆಯಿರಿ. ಎರಡೂ ಕಡೆಯ ಕ್ಲಬ್ಬಿನ ಅಣ್ಣಂದಿರು, ಬಸ್ಸಿನ ಕಂಡಕ್ಟರು, ಅಂಗಡಿ ಜಗಲಿಯವರು, ಇಮಾಮರು, ಮೊಕ್ತೇಸರರು ಮುಂದಿನ ಸಾಲಿನಲ್ಲಿ ಕೂರಲಿ. ಭಾಷಣ ಮಾಡುವವರಿಗೆ ಆಹ್ವಾನ ಬೇಡ. ಪ್ರದರ್ಶನ ಬೇಡ ಎಂದು ಹುಡುಗರೇ ಹೇಳಿದರೆ ಒತ್ತಾಯಿಸಬೇಡಿ. ಧ್ವನಿವರ್ಧಕಕ್ಕೂ ಶಾಮಿಯಾನಕ್ಕೂ ತೆಗೆದಿಟ್ಟ ಹಣದಿಂದ ಇನ್ನೂ ಮೂರು ತಿಂಗಳ ಚಹಾ, ಪಳಂಪೊರಿ, ಇಬ್ಬರು ನಡೆಸಿಕೊಡುವವರ ಬಸ್ ಖರ್ಚು ನಡೆಯುತ್ತದೆ.